ಉಲ್ಟಾ ಹೋಗಿ ಹಿಡಿದ ಕಿಟಕಿ ಸೀಟು

ನಂಬ್ಲಿಕ್ಕೆ ಹೋಗ್ಬೇಡಿ. ಬೇಡವೇ ಬೇಡ. ಮೂವತ್ತು ವರ್ಷ ಕಲ್ಯಾಣ ಸ್ಟೇಷನ್ನಿಗೆ ಹೋಗಿ ಮುಂಬೈಯ ಲೋಕಲ್ ರೈಲು ಹಿಡಿದ ಒಬ್ಬ ಮನುಷ್ಯನನ್ನು ನಾನು ಸಮುದ್ರದ ಮಧ್ಯ ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕೆ ಸೀಟು ಹಿಡೀಲಿಕ್ಕೆ ಕಳಿಸಿದ್ದೇನೆ, ಅವ ಕಿಸೆಯಲ್ಲಿ ಕರ್ಚೀಫು ಹಾಕ್ಕೊಂಡು ಹೋಗಿಯೂ ಹೋಗಿದ್ದಾನೆ ಅಂತ ಹೇಳಿದ್ರೆ ನಮ್ಮ ಬಿಲ್ಡಿಂಗಿನಲ್ಲೇ ಯಾರೂ ನಂಬುದಿಲ್ಲ. ನೀವೆಲ್ಲಿ ನಂಬ್ತೀರಿ? ಇದ್ರಲ್ಲಿ ಒಂದೇ ಒಂದು ಸಂಗತಿ ನಾನು ಕೈಯಿಂದ ಸೇರಿಸಿದ್ದು. ಯಾವುದು ಅಂತ ಕಡೆಗೆ ನಾನೇ ಹೇಳ್ತೇನೆ. ಅಲ್ಲಿವರೆಗೆ ಮಂಡೆ ಬಿಸಿ ಮಾಡ್ಕೊಳ್ಳಿ.

ಕೀಟಲೆಯಲ್ಲಿ ನನ್ನನ್ನು ಮೀರಿಸುವವ ಡೊಂಬಿವಲಿಯಲ್ಲಿ ಇನ್ನೂ ಹುಟ್ಟಲಿಲ್ಲ. ಠಾಣೆಯ ಮಾಜಿವಾಡಾ ನಾಕಾದ ಹತ್ರ ನನ್ನ ಹೋಟೆಲಿತ್ತು. ದಿನಾ ಬಂದು ಒಂದು ಇಡ್ಲಿಗೆ ನಾಲ್ಕು ಸಲ ಸಾಂಬಾರು ಕೇಳುವ ಗಿರಾಕಿಗೆ ಐದನೇ ಸಲ ಬರೀ ಮೆಣಸಿನ ಕಷಾಯ ಹಾಕಿಸಿದವ ನಾನು. ಪಾಪದವ, ಅದನ್ನೂ ಕುಡಿದು, "ಆಜ್ ಮಸ್ತ್ ಹೈ ಶೇಠ್" ಅಂದ. ಒಮ್ಮೆ ನಮ್ಮ ಸೊಸೈಟಿಯ ಬೋರ್ಡಿನಲ್ಲಿ "ನಾಳೆಯಿಂದ ಮೂರು ದಿನ ನೀರಿಲ್ಲ" ಅಂತ ಮರಾಠಿಯಲ್ಲಿ ಬರೆದು ಅಂಟಿಸಿದೆ. ಇಡೀ ಬಿಲ್ಡಿಂಗ್ ಬಕೆಟು, ಕುಕ್ಕರು, ಹೂದಾನಿಗೆ ಸಹ ನೀರು ತುಂಬಿಸಿತು. ಟ್ಯಾಂಕಿ ಖಾಲಿಯಾಗಿ ನಿಜವಾಗಿಯೂ ನೀರು ಹೋಯ್ತು. ಸೆಕ್ರೆಟರಿ ಬಂದು ನನ್ನ ಹತ್ರವೇ ಕೇಳಿದ, ಯಾರು ಮಾಡಿದ್ದು ಹೇಳಿ ಅಂತ. ಮೂರನೇ ಮಾಳಿಗೆಯವರ ಮೇಲೆ ನಂಗೆ ಸಂಶಯ ಉಂಟು ಅಂದೆ. ಅವರು ಈಗಲೂ ನನ್ನನ್ನು ಒಳ್ಳೇವ ಅಂತ ತಿಳ್ಕೊಂಡಿದ್ದಾರೆ.

ಈಗ ಭಾವನ ಕಥೆಗೆ ಬರ್ತೇನೆ. ಭಾವ ಅಂದ್ರೆ ನನ್ನ ತಂಗಿಯ ಗಂಡ. ನಮ್ಮ ಕಡೆ ಅವನಿಗೂ ನಾನು ಭಾವನೇ, ನಂಗೂ ಅವ ಭಾವನೇ. ಎದುರಿಗೆ ನಾವು "ನೀವು, ನೀವು" ಅಂತೇವೆ. ಬೆನ್ನ ಹಿಂದೆ ಅವ. ಅವನ ಮನೆ ನಮ್ಮ ಮನೆಯಿಂದ ಎರಡು ಬಿಲ್ಡಿಂಗ್ ಆಚೆ. ಮುಂಬೈಯ ಫೋರ್ಟಿನಲ್ಲಿ ಅವನಿಗೆ ಆಫೀಸು.

ಡೊಂಬಿವಲಿಯಲ್ಲಿ ಬೆಳಿಗ್ಗೆ ಲೋಕಲ್ ಹತ್ತುದು ಅಂದ್ರೆ ಏನಂತ ಹತ್ತಿದವರಿಗೇ ಗೊತ್ತು. ಗಾಡಿ ಕಲ್ಯಾಣದಿಂದಲೇ ತುಂಬಿ ಬರ್ತದೆ, ಕಾಲಿಡ್ಲಿಕ್ಕೆ ಜಾಗ ಇಲ್ಲ. ಹಾಗಾಗಿ ಹುಷಾರಿನವರು ಒಂದು ಉಪಾಯ ಮಾಡ್ತಾರೆ. ಮೊದಲು ಉಲ್ಟಾ ಗಾಡಿ ಹಿಡಿದು ಕಲ್ಯಾಣಕ್ಕೆ ಹೋಗುದು. ಅಲ್ಲಿ ಖಾಲಿ ಬಂದು ನಿಲ್ಲುವ ಗಾಡಿಗೆ ಹಾರಿ ಕಿಟಕಿ ಹಿಡಿಯುದು. ಮತ್ತೆ ಡೊಂಬಿವಲಿ ಮೇಲಿಂದಲೇ ಕೂತ್ಕೊಂಡು ಬರುದು, ಪ್ಲಾಟ್‌ಫಾರ್ಮಿನಲ್ಲಿ ನಿಂತ ನಮ್ಮಂಥ ಬಡಪಾಯಿಗಳನ್ನು ನೋಡ್ತಾ. ನಮ್ಮ ಭಾವ ಇದನ್ನು ಮೂವತ್ತು ವರ್ಷ ಮಾಡಿದ, ಒಂದು ದಿನ ತಪ್ಪದೆ. ಅದಕ್ಕೆ ಅವ ದಿನಾ ಅರ್ಧ ಗಂಟೆ ಬೇಗ ಹೊರಡ್ಬೇಕು. ಅದಕ್ಕೆ ನನ್ನ ತಂಗಿ ಅರ್ಧ ಗಂಟೆ ಬೇಗ ಎದ್ದು ಊಟದ ಡಬ್ಬಿ ಕಟ್ಟಬೇಕು. ಕಿಟಕಿ ಅವನದ್ದು, ನಿದ್ದೆ ಹೋದದ್ದು ಅವಳದ್ದು.

ಒಮ್ಮೆ ನಂಗೆ ಹೊಟ್ಟೆಯ ಆಪರೇಷನ್ ಆಗಿ, ಹೊಲಿಗೆ ಬಿಚ್ಚಿಸ್ಲಿಕ್ಕೆ ದಾದರಿಗೆ ಹೋಗ್ಬೇಕಿತ್ತು. ಬೇಕಂತಲೇ ಭಾವ ಕೂರುವ ಬೋಗಿಗೇ ಹತ್ತಿದೆ. ನೂಕಿ ನುಗ್ಗಿ ಅವನ ಎದುರು ಹೋಗಿ ನಿಂತೆ, ಒಂದು ಕೈ ಹೊಟ್ಟೆಯ ಮೇಲೆ. ಠಾಣೆ ಸ್ಟೇಷನ್ ದಾಟಿದ ಮೇಲೆ ಕೂತವರು ಎದ್ದು, ನಿಂತವರಿಗೆ ಸ್ವಲ್ಪ ಹೊತ್ತು ಸೀಟು ಕೊಡುದು ಆ ಗಾಡಿಯ ಮರ್ಯಾದೆ. ಗುರ್ತಿಲ್ಲದವರಿಗೂ ಕೊಡ್ತಾರೆ. ಭಾವ ನನ್ನನ್ನು ನೋಡಿದ. ನನ್ನ ಹೊಟ್ಟೆಯನ್ನೂ ನೋಡಿದ. ಮತ್ತೆ ಕಿಟಕಿಗೆ ಮಂಡೆ ಆನಿಸಿ ಕಣ್ಣು ಮುಚ್ಚಿದ. ದಾದರಿನಲ್ಲಿ ನಾನು ಇಳೀವಾಗ ಒಂದು ಕಣ್ಣು ತೆಗೆದು, "ಹುಷಾರು ಭಾವ, ರಶ್ ಉಂಟು" ಅಂದ.

ಅವತ್ತು ನಾನು ನಗಾಡಿದೆ. ಸಾಲ ಇಟ್ಕೊಳ್ಳುವ ಜಾತಿ ಅಲ್ಲ ನನ್ನದು, ಆದ್ರೆ ಇದೊಂದನ್ನು ಇಟ್ಕೊಂಡೆ.

ಮೊಬೈಲಿನಲ್ಲಿ ಕ್ಯಾಮರಾ ಇದ್ದವನೇ ದೊಡ್ಡ ಮನುಷ್ಯ ಅನ್ನುವ ಕಾಲದಲ್ಲಿ, ಭಾವನ ಆಫೀಸಿನವರು ಊರು ಸುತ್ತುವ ರಜೆ ಕೊಟ್ರು ಅಂತ ನಾವು ನಾಲ್ಕು ಜನ ಅಂಡಮಾನಿಗೆ ಹೋಗಿದ್ದೆವು. ನಾನು, ನನ್ನ ಹೆಂಡತಿ, ತಂಗಿ, ಭಾವ. ಅಲ್ಲಿ ನೀಲ್ ಅಂತ ಒಂದು ಸಣ್ಣ ದ್ವೀಪ. ಸೈಕಲಿನಲ್ಲಿ ಹೊರಟ್ರೆ ಚಾ ಆರುವ ಮುಂಚೆ ಆಚೆ ದಡ. ತೆಂಗು, ಬಾಳೆ, ಬದನೆ ಗದ್ದೆ, ಮತ್ತೆ ನೀರು. ನಮ್ಮ ಊರಿನ ಸಮುದ್ರ ನೋಡಿದವರಿಗೆ ಆ ನೀರು ಸಮುದ್ರ ಅಂತಲೇ ಅನಿಸುದಿಲ್ಲ, ಅಷ್ಟು ತಿಳಿ. ಭಾವ ನಾಲ್ಕು ದಿನವೂ ಮಲಗಿದ. ಬಾಕಿ ಇದ್ದ ನಿದ್ದೆಯೆಲ್ಲ ಒಟ್ಟಿಗೆ ಮಾಡ್ತೇನೆ ಅಂದ. ಕಡೇ ಸಂಜೆ ತಂಗಿ ಕೈಹಿಡಿದು ಎಳ್ಕೊಂಡು ಹೋಗಿ ಪಡುವಣ ಕಡಲಿನ ಹತ್ರ ಬಿದ್ದಿದ್ದ ಒಂದು ದೊಡ್ಡ ಮರದ ಮೇಲೆ ಕೂರಿಸಿದಳು. ಹತ್ತು ನಿಮಿಷ ಕೂತಿರ್ಬೇಕು. ಹೊತ್ತು ಮುಳುಗುವ ಮೊದಲೇ ಸೊಳ್ಳೆ ಅಂತ ಎದ್ದ.

ಎದ್ದವ ಒಂದು ಮಾತು ಹೇಳಿದ. "ರಿಟೈರ್ ಆದ ಮೇಲೆ ಬರುವ. ಇದೇ ಮರದ ಮೇಲೆ ಒಂದಿಡೀ ದಿನ ಕೂತ್ಕೊಳ್ಳುವ. ನಿನ್ನ ಸೂರ್ಯನನ್ನು ಪೂರಾ ಮುಳುಗಿಸಿಯೇ ಏಳುದು, ಆಯ್ತಾ?"

ಗಂಡಸರು ಸೊಳ್ಳೆ ಕಚ್ಚಿದಾಗ ಹೇಳುವ ಮಾತು ಅದು. ಆದ್ರೆ ನನ್ನ ತಂಗಿ ಅದನ್ನು ಫಿಕ್ಸೆಡ್ ಡಿಪಾಜಿಟ್ ಹಾಗೆ ಇಟ್ಕೊಂಡಳು. ಅಡಿಗೆ ಮನೆಯಲ್ಲಿ ಆ ಮರದ ಫೋಟೋ ಅಂಟಿಸಿದಳು, ಗೋಡೆಯಲ್ಲಿ, ಕುಕ್ಕರಿನ ಹಬೆ ತಾಗುವಲ್ಲಿ. ಎಷ್ಟೋ ವರ್ಷ. ಬಣ್ಣ ಹೋಗಿ ಕಡಲು ಹಳದಿ ಆಗಿತ್ತು. ಯಾರಾದ್ರೂ ಕೇಳಿದ್ರೆ, "ಇವರು ರಿಟೈರ್ ಆದ ಮೇಲೆ ಹೋಗ್ಲಿಕ್ಕುಂಟು" ಅಂತಿದ್ದಳು. ಇದನ್ನು ಯಾಕೆ ಹೇಳ್ತಿದ್ದೇನೆ ಅಂದ್ರೆ, ನಂಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಲ್ಲ ನಾನು.

ಭಾವ ರಿಟೈರ್ ಆದ. ಎರಡನೇ ಸಲ ಹೊರಟೆವು. ಟಿಕೆಟು, ಲಾಡ್ಜು, ಬೋಟು ಎಲ್ಲ ನನ್ನ ಜವಾಬ್ದಾರಿ. ಭಾವ ಉಲ್ಹಾಸನಗರದ ಅಗ್ಗದ ಬಜಾರಿಗೆ ಹೋಗಿ ಒಂದು ನೀಲಿ ಬರ್ಮುಡಾ ಚಡ್ಡಿ ತಂದ. ದ್ವೀಪಕ್ಕೆ ಮುಟ್ಟಿದ ದಿನವೇ ಅದನ್ನು ಹಾಕ್ಕೊಂಡು ಸೊಂಟದವರೆಗೆ ನೀರಿಗಿಳಿದ. ಮೇಲೆ ಬರುವಾಗ ಬಣ್ಣ ಬಿಟ್ಟು ಎರಡೂ ಕಾಲು ನೀಲಿ. ತೊಳೆದ್ರೂ ಹೋಗ್ಲಿಲ್ಲ. ಲಾಡ್ಜಿನ ಬಂಗಾಳಿ ಅಮ್ಮ ಹೆದರಿ ಡಾಕ್ಟರನ್ನು ಕರೀಬೇಕಾ ಅಂತ ಕೇಳಿದಳು. "ಬೇಡ ಅಮ್ಮ, ಇವರ ಮನೆಯಲ್ಲಿ ಎಲ್ಲರಿಗೂ ಹೀಗೇ, ಸೊಂಟದ ಕೆಳಗೆ ರಕ್ತ ಹೋಗುದಿಲ್ಲ" ಅಂದೆ. ಆಮೇಲೆ ಆ ಅಮ್ಮ ನನ್ನ ತಂಗಿಯನ್ನು ನೋಡುವಾಗಲೆಲ್ಲ ಚ್ಚ್ ಚ್ಚ್ ಅಂತಿದ್ದಳು.

ಮೊದಲನೇ ದಿನ ಹಾಗೆ ಹೋಯ್ತು. ಎರಡನೇ ದಿನ ಭಾವ ಮಲಗಿದ. ಮೂರನೇ ದಿನ ಕಡೇ ದಿನ. ಮಾರನೇ ದಿನ ಬೆಳಿಗ್ಗೆಯ ಬೋಟಿಗೆ ನಾವು ಪೋರ್ಟ್ ಬ್ಲೇರಿಗೆ ವಾಪಸು ಹೊರಡುದು. ಕಡೇ ದಿನ ಪೂರ್ತಿ ಮರದ ಮೇಲೆ ಕೂರುದು ಅಂತ ತಂಗಿ ಹಿಂದಿನ ರಾತ್ರಿಯೇ ತೀರ್ಮಾನ ಮಾಡಿದ್ದಳು. ಮರ ಇನ್ನೂ ಅಲ್ಲೇ ಇತ್ತು, ಅವಳು ಬಂದ ದಿನವೇ ನೋಡ್ಕೊಂಡು ಬಂದಿದ್ದಳು. ಬಂಗಾಳಿ ಅಮ್ಮನ ಒಲೆ ಕೇಳಿ ತಕ್ಕೊಂಡು ಗೋಳಿಬಜೆ ಮಾಡ್ಲಿಕ್ಕೆ ಹೊರಟಳು, ಭಾವನಿಗೆ ಇಷ್ಟ ಅಂತ.

ಅವಳು ಒಲೆಯ ಎದುರು ಇದ್ದಾಗ ನಾನು ಭಾವನನ್ನು ಚಾ ಅಂಗಡಿಗೆ ಕರ್ಕೊಂಡು ಹೋದೆ.

"ಭಾವ, ನಾಳೆಯ ಬೋಟಿನದ್ದು ದೊಡ್ಡ ಟೆನ್ಶನ್ ಮಾರಾಯ್ರೆ."

"ಎಂಥದ್ದು?"

"ಅದು ಇಲ್ಲಿಂದ ಹೊರಡುದಲ್ಲ. ಆಚೆ ದೊಡ್ಡ ದ್ವೀಪ ಉಂಟಲ್ಲ, ಅಲ್ಲಿಂದ ತುಂಬಿಸ್ಕೊಂಡು ಬರುದು. ನಮ್ಗೆ ನಿಂತ್ಕೊಂಡು ಹೋಗುದೇ ಗತಿ. ಎರಡು ಗಂಟೆ."

ಭಾವನ ಮುಖ ನೋಡ್ಬೇಕಿತ್ತು. ಚಾ ಗ್ಲಾಸು ಅರ್ಧದಲ್ಲಿ ನಿಂತಿತು.

"ಅಂದ್ರೆ ಇದೂ ಕಲ್ಯಾಣದ ಹಾಗೇ?"

"ಅಪ್ಪಟ ಕಲ್ಯಾಣ! ಗೊತ್ತಿದ್ದವರು ಎಂಥ ಮಾಡ್ತಾರೆ ಅಂದ್ರೆ, ಹಿಂದಿನ ದಿನವೇ ಉಲ್ಟಾ ಹೋಗ್ತಾರೆ. ಅಲ್ಲಿ ಜೆಟ್ಟಿಯಲ್ಲಿ ಒಬ್ಬ ಪುಸ್ತಕ ಇಟ್ಕೊಂಡು ಕೂತಿರ್ತಾನೆ. ಸೀಟಿಗೆ ಹೆಸರು ಬರೆಸಿ, ಮಧ್ಯಾಹ್ನದ ಬೋಟಿಗೆ ವಾಪಸು. ಊಟಕ್ಕೆ ಇಲ್ಲಿ. ನಾನೇ ಹೋಗ್ತಿದ್ದೆ, ಆದ್ರೆ ನಂಗೆ ಈ ಉಲ್ಟಾ ಎಲ್ಲ ಅಭ್ಯಾಸ ಇಲ್ಲ. ನಿಮ್ಮ ಹಾಗೆ ಆಗ್ತದಾ?"

ಪುಸ್ತಕದವ ಇಲ್ಲ. ಮಧ್ಯಾಹ್ನದ ಬೋಟೂ ಇಲ್ಲ. ಅಲ್ಲಿಗೆ ಹೋದವ ಆ ದಿನ ವಾಪಸು ಬರ್ಲಿಕ್ಕೇ ಸಾಧ್ಯ ಇಲ್ಲ. ಆಚೆ ದ್ವೀಪಕ್ಕೆ ಹೋಗುವ ಅವನ ಹೆಸರಿನ ಟಿಕೆಟು ಎರಡು ದಿನ ಮೊದಲೇ ನನ್ನ ಕಿಸೆಯಲ್ಲಿತ್ತು. ನಾನು ಅಷ್ಟು ಶಿಸ್ತಿನವ.

"ಅವಳು ಕಾಯ್ತಾಳೆ..." ಅಂದ.

"ಮಧ್ಯಾಹ್ನಕ್ಕೆ ಇಲ್ಲಿರ್ತೀರಿ. ಸೂರ್ಯ ಎಲ್ಲಿಗೆ ಓಡ್ತಾನೆ?"

ಜೆಟ್ಟಿಯಲ್ಲಿ ಅವ ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ಬೋರ್ಡು ಓದ್ತಾ ನಿಂತ. ಮತ್ತೆ ಬೋಟು ಕಟ್ಟುವ ಮೊದಲೇ, ಹಗ್ಗ ಇನ್ನೂ ಗಾಳಿಯಲ್ಲಿರುವಾಗ, ಒಂದು ಹಾರು ಹಾರಿದ. ಕಲ್ಯಾಣದ ನಾಲ್ಕನೇ ಪ್ಲಾಟ್‌ಫಾರ್ಮಿನ ಹಾರು ಅದು. ಬೋಟಿನವರು ಬೊಬ್ಬೆ ಹೊಡೆದ್ರು. ಭಾವ ಕಿಟಕಿಯಲ್ಲಿ ಕೂತು ನಂಗೆ ಕೈ ಬೀಸಿದ. ನೀಲಿ ಕಾಲಿನವ.

ತಂಗಿ ಗೋಳಿಬಜೆಯ ಡಬ್ಬಿ ಹಿಡ್ಕೊಂಡು ಬಂದು ಕೇಳಿದಳು, "ಇವರು ಎಲ್ಲಿ ಅಣ್ಣ?"

"ನಾಳೆಗೆ ಸೀಟು ಮಾಡ್ಲಿಕ್ಕೆ ಹೋಗಿದ್ದಾರೆ. ಮಧ್ಯಾಹ್ನದ ಬೋಟಿಗೆ ಬರ್ತಾರೆ. ನೀನು ಹೋಗಿ ಮರದ ಮೇಲೆ ಕೂತಿರು."

"ಇಲ್ಲಿ ಬಂದೂ ಸೀಟಾ?" ಅಂದಳು. ಆದ್ರೂ ಮುಖದಲ್ಲಿ ಸಿಟ್ಟಿರ್ಲಿಲ್ಲ. ತಲೆಗೆ ಹೂ ಇಟ್ಕೊಂಡಿದ್ದಳು, ಬಂಗಾಳಿ ಅಮ್ಮ ಕೊಟ್ಟದ್ದು. ಮರದ ಮೇಲೆ ಟವೆಲು ಹಾಸಿ ಕೂತಳು. ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟು, ಅಲ್ಲಿ ಡಬ್ಬಿ ಇಟ್ಟಳು. ಥೇಟ್ ಲೋಕಲಿನ ಹಾಗೆ.

ಮಧ್ಯಾಹ್ನ ಆಯ್ತು. ಎರಡು ಗಂಟೆ, ಮೂರು ಗಂಟೆ. ಅವನ ಫೋನಿಗೆ ಅಲ್ಲಿ ರೇಂಜು ಇಲ್ಲ. ನಾನು ಲಾಡ್ಜಿನ ಜಗಲಿಯಲ್ಲಿ ಎಳನೀರು ಕುಡೀತಾ ಒಬ್ಬನೇ ನಗಾಡ್ತಿದ್ದೆ. ನನ್ನ ಹೆಂಡತಿಗೆ ನನ್ನ ನಗು ಗೊತ್ತುಂಟು. ಎದುರು ಬಂದು ನಿಂತಳು.

"ಎಂಥ ಮಾಡಿದ್ರಿ?"

ಹೇಳಿದೆ. ಅವಳೂ ನಗಾಡ್ತಾಳೆ ಅಂತ ಗ್ರಹಿಸಿದ್ದೆ.

"ನಿಮ್ಮ ಹೊಟ್ಟೆಯ ಹೊಲಿಗೆ ಬಿಚ್ಚಿದ್ದೇ ತಪ್ಪು," ಅಂದಳು. "ಅವನಿಗೆ ಮಾಡಿದ್ದು ಅಂತ ಗ್ರಹಿಸಿದ್ದೀರಾ? ಅಲ್ಲಿ ಕೂತದ್ದು ಯಾರು ನೋಡಿ. ಹೋಗಿ ಹೇಳಿ ಅವಳಿಗೆ."

ಹೊತ್ತು ಮುಳುಗುವಾಗ ನಾನು ಹೋದೆ. ಕಡಲು ಕೆಂಪಾಗಿತ್ತು. ತಂಗಿಯ ಪಕ್ಕ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಡಬ್ಬಿ ನನ್ನ ಕಡೆ ನೂಕಿ, "ತಿನ್ನು ಪಾಪಿ, ನೀನಾದ್ರೂ ತಿನ್ನು," ಅಂದಳು. ನಗಾಡಿದಳು ಸಹ. ತಣ್ಣಗಾದ ಗೋಳಿಬಜೆಯನ್ನು ಇಬ್ಬರೂ ತಿಂದೆವು, ಸಣ್ಣದಿರುವಾಗ ಊರಲ್ಲಿ ಕದ್ದು ತಿಂತಿದ್ದ ಹಾಗೆ. ಸೂರ್ಯ ಪೂರಾ ಮುಳುಗಿದ.

ಮರುದಿನ ಬೆಳಿಗ್ಗೆ ನಾವು ಮೂವರು ಗಂಟುಮೂಟೆ ಹಿಡ್ಕೊಂಡು ಜೆಟ್ಟಿಯಲ್ಲಿ ನಿಂತಿದ್ದೆವು. ನಾನು ಬಾಯಿಯಲ್ಲಿ ಎರಡು ಮೂರು ಡೈಲಾಗು ತಯಾರು ಮಾಡ್ಕೊಂಡಿದ್ದೆ. ಹಸಿದು, ನಿದ್ದೆಗೆಟ್ಟು, ಬೈತಾ ಬರುವ ಭಾವನಿಗೆ ಹೇಳ್ಲಿಕ್ಕೆ. "ಹುಷಾರು ಭಾವ, ರಶ್ ಉಂಟು" ಅನ್ನುದೇ ಮೊದಲನೇದು.

ಬೋಟು ಬಂತು. ನಾನು ಹೇಳಿದ ಒಂದು ಮಾತು ನಿಜವೇ ಆಗಿತ್ತು, ಪೂರಾ ತುಂಬಿತ್ತು. ಕಿಟಕಿಯಲ್ಲಿ ಭಾವ. ಸ್ನಾನ ಮಾಡಿ, ತಲೆ ಬಾಚಿ, ಪೌಡರು ಹಾಕಿ. ಪಕ್ಕದ ಮೂರು ಸೀಟಿನಲ್ಲಿ ಒಂದು ಕರ್ಚೀಫು, ಒಂದು ಟೊಪ್ಪಿ, ಒಂದು ಚಪ್ಪಲಿ.

"ಬನ್ನಿ ಬನ್ನಿ! ನಾಲ್ಕೂ ಸೀಟು ಹಿಡಿದಿದ್ದೇನೆ!"

ನಾನು ಬಾಯಿ ತೆಗೆಯುವ ಮೊದಲೇ ಅವನೇ ಶುರು ಮಾಡಿದ. "ಭಾವ, ಸ್ವರ್ಗ ಮಾರಾಯ್ರೆ. ಮಧ್ಯಾಹ್ನದ ಬೋಟಿಲ್ಲ ಅಂದ್ರು. ಇಲ್ಲದಿದ್ರೆ ಇಲ್ಲ ಅಂತ ಒಂದು ರೂಮು ಮಾಡಿದೆ. ಮೀನು ಫ್ರೈ, ಅನ್ನ. ಒಂದು ನಿದ್ದೆ. ಸಂಜೆ ಹೋಗಿ ಮರಳಿನ ಮೇಲೆ ಕೂತೆ. ಒಬ್ಬನೇ. ಪೂರಾ ಮುಳುಗುವವರೆಗೆ ಕೂತೆ ನೋಡಿ! ಮಾತಾಡುವವರು ಯಾರೂ ಇಲ್ಲ, ಕೇಳುವವರು ಯಾರೂ ಇಲ್ಲ. ಮೂವತ್ತು ವರ್ಷದಲ್ಲಿ ಅಂಥ ಒಂದು ಸಂಜೆ ನಾನು ನೋಡಿರ್ಲಿಲ್ಲ."

ಮತ್ತೆ ಚಪ್ಪಲಿ ತೆಗೆದು ತಂಗಿಗೆ ಸೀಟು ತೋರಿಸಿದ. "ಕೂತ್ಕೋ. ಕಿಟಕಿ ಬೇಕಾ? ಬೇಕಿದ್ರೆ ಅರ್ಧ ದಾರಿಯಲ್ಲಿ ಬದಲಿಸುವ."

ತಂಗಿ ಕೂರ್ಲಿಲ್ಲ. ಬಾಗಿಲ ಹತ್ರದ ಕಂಬ ಹಿಡ್ಕೊಂಡು ನಿಂತಳು. ಬೋಟು ಹೊರಟಿತು, ಅಲೆ ದೊಡ್ಡದಾಯ್ತು, ಎರಡು ಸಲ ವಾಂತಿ ಮಾಡಿದಳು. ಬಾಯಿ ತೊಳ್ಕೊಂಡು ಮತ್ತೆ ಅದೇ ಕಂಬ. ನನ್ನ ಹೆಂಡತಿಯೂ ಅವಳ ಜೊತೆ ಹೋಗಿ ನಿಂತಳು. ಎರಡು ಗಂಟೆ. ಭಾವ ಸ್ವಲ್ಪ ಹೊತ್ತು ಕರೆದ, ಮತ್ತೆ ಕಿಟಕಿಗೆ ಮಂಡೆ ಆನಿಸಿ ಕಣ್ಣು ಮುಚ್ಚಿದ. ಅವನ ಪಕ್ಕ ಎರಡು ಖಾಲಿ ಸೀಟು, ಅದರಾಚೆ ನಾನು. ತಯಾರು ಮಾಡಿದ ಡೈಲಾಗು ಒಂದೂ ಉಪಯೋಗಕ್ಕೆ ಬರ್ಲಿಲ್ಲ.

ಡೊಂಬಿವಲಿಗೆ ಬಂದ ಮೇಲೆ ಭಾವನಿಗೆ ಹೊಸ ಖಯಾಲಿ ಹತ್ತಿತು. ರಿಟೈರ್ ಆದವ ಮತ್ತೆ ರೈಲಿನ ಪಾಸು ಮಾಡಿಸಿದ. ಬೆಳಿಗ್ಗೆ ಅದೇ ಹೊತ್ತಿಗೆ ಉಲ್ಟಾ ಗಾಡಿಯಲ್ಲಿ ಕಲ್ಯಾಣ, ಅಲ್ಲಿಂದ ಕಿಟಕಿ, ಕಡೇ ಸ್ಟೇಷನ್ ಸಿಎಸ್‌ಟಿವರೆಗೆ ಹೋಗಿ ಇಳಿದು ಒಂದು ಚಾ ಕುಡಿದು ವಾಪಸು. ಕೆಲಸ ಎಂಥದ್ದೂ ಇಲ್ಲ. ಕೇಳಿದ್ರೆ, "ಸಮಾಧಾನ ಆಗ್ತದೆ ಭಾವ" ಅಂತಾನೆ. ತಂಗಿ ಒಂದು ದಿನ ನಮ್ಮ ಮನೆಗೆ ಬಂದು ನಿಂತಲ್ಲಿಂದಲೇ ಹೇಳಿದಳು, "ಅಣ್ಣ, ಮೊದಲು ಇವರಿಗೆ ನಾನಿಲ್ಲದೆ ಆಗ್ತದೆ ಅಂತ ಗೊತ್ತಿರ್ಲಿಲ್ಲ. ಗೊತ್ತು ಮಾಡಿಸಿದವ ನೀನು." ಚಾ ಕುಡಿ ಅಂದೆ. ಕುಡೀಲಿಲ್ಲ. ಅವಳ ಅಡಿಗೆ ಮನೆಯ ಗೋಡೆಯಲ್ಲಿ ಫೋಟೋ ಇದ್ದ ಜಾಗ ಮಾತ್ರ ಸ್ವಲ್ಪ ಬಿಳಿಯಿತ್ತು. ಡಬ್ಬಿ ಕಟ್ಟುದನ್ನೂ ಬಿಟ್ಟಳು. ಭಾವ ಸ್ಟೇಷನ್ನಿನಲ್ಲಿ ವಡಾಪಾವ್ ತಿಂದು ಹೋಗ್ತಿದ್ದ, ಅವನಿಗೆ ಅದೂ ನಡೀತದೆ.

ಮರುವರ್ಷ ತಂಗಿ ಎರಡು ಟಿಕೆಟು ಮಾಡಿಸಿದಳು. ಒಂದು ಅವಳಿಗೆ, ಒಂದು ನನ್ನ ಹೆಂಡತಿಗೆ. ಅದೇ ದ್ವೀಪ, ಅದೇ ಲಾಡ್ಜು. ಗಂಡಸರಿಗೆ ಹೇಳಿದ್ದು ಹೊರಡುವ ಹಿಂದಿನ ದಿನ.

"ನಮ್ಗೆ ಊಟ?" ಅಂತ ಕೇಳಿದೆ.

"ಹೋಟೆಲು ನಡೆಸಿದವರಲ್ವಾ ನೀವು?" ಅಂದಳು ನನ್ನ ಹೆಂಡತಿ.

ಐದು ದಿನ ನಾನೂ ಭಾವನೂ ನಮ್ಮ ಮನೆಯಲ್ಲಿ. ನಾನು ಬೇಯಿಸಿದ್ದು, ಅವ ತಿಂದದ್ದು. ಮೂರನೇ ದಿನ ಸಂಜೆ ಹೆಂಡತಿ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಮರದ ಮೇಲೆ ನನ್ನ ತಂಗಿ, ಬೆನ್ನು ಮಾತ್ರ ಕಾಣುದು, ಎದುರಿಗೆ ಸೂರ್ಯ ಅರ್ಧ. ಪಕ್ಕದಲ್ಲಿ ಜಾಗ ಬಿಡ್ಲಿಲ್ಲ. ಸರೀ ಮಧ್ಯದಲ್ಲಿ, ಕಾಲು ಅಗಲಿಸಿ ಕೂತಿದ್ದಳು. "ಬೆಳಿಗ್ಗೆಯಿಂದ ಕೂತಿದ್ದಾಳೆ. ಏಳು ಅಂದ್ರೆ ಏಳುದಿಲ್ಲ" ಅಂತ ಕೆಳಗೆ ಬರೆದಿದ್ದಳು.

ಭಾವನಿಗೆ ತೋರಿಸಿದೆ. ಅವ ಕನ್ನಡಕ ಹಾಕ್ಕೊಂಡು ನೋಡಿದ.

"ಒಳ್ಳೆ ಸೀಟು," ಅಂದ.

ಮತ್ತೆ ಗಂಜಿಗೆ ಉಪ್ಪಿನಕಾಯಿ ಹಾಕ್ಕೊಳ್ತಾ ಹೇಳಿದ, "ಭಾವ, ಒಂದು ಮಾತು. ಅವತ್ತು ಮಧ್ಯಾಹ್ನದ ಬೋಟಿಲ್ಲ ಅಂತ ನಂಗೆ ಹೋಗುವ ಮೊದಲೇ ಗೊತ್ತಿತ್ತು. ಜೆಟ್ಟಿಯ ಬೋರ್ಡಿನಲ್ಲಿ ಟೈಮು ಬರೆದಿತ್ತಲ್ಲ. ಮೂವತ್ತು ವರ್ಷ ಟೈಮ್‌ಟೇಬಲ್ ಓದಿದವ ನಾನು."

ನಾನು ತಟ್ಟೆ ಆಚೆ ನೂಕಿದೆ.

"ಮತ್ತೆ ಹೋದದ್ದು ಯಾಕೆ?"

"ಒಂದಿಡೀ ದಿನ ಅವಳ ಪಕ್ಕ ಕೂತು ಎಂಥ ಮಾತಾಡುದು ಅಂತ ನಂಗೆ ಹೆದರಿಕೆ ಆಗಿತ್ತು ಮಾರಾಯ್ರೆ. ನೀವು ಬಂದು ಟಿಕೆಟು ಕೊಟ್ರಿ. ಭಾರೀ ಉಪಕಾರ ಆಯ್ತು."

ನನ್ನ ಇಡೀ ಜೀವಮಾನದ ನಂಬರ್ ವನ್ ಕೀಟಲೆ ಅದು. ಅದಕ್ಕೆ ಅವ ಥ್ಯಾಂಕ್ಸು ಹೇಳಿದ. ಇದನ್ನು ನಾನು ತಂಗಿಗೆ ಈವರೆಗೆ ಹೇಳ್ಲಿಲ್ಲ. ನೀವೂ ಹೇಳ್ಬೇಡಿ.

ಈಗ ಆ ಒಂದು ಸುಳ್ಳು. ನೀವು ನೀಲಿ ಕಾಲು ಅಂತ ಹೇಳ್ತೀರಿ, ನಂಗೊತ್ತು. ಅಲ್ಲ. ಕಾಲು ನೀಲಿಯೇ, ಹೋಗ್ಲಿಕ್ಕೆ ಒಂದು ವಾರ ಹಿಡಿಯಿತು. ಹಗ್ಗದ ಹಾರೂ ನಿಜ, ಚಪ್ಪಲಿಯೂ ನಿಜ.

ಸುಳ್ಳು ಅಂದ್ರೆ ಆ ಸಂಜೆ ನಾನು ತಂಗಿಯ ಹತ್ರ ಹೋಗಿ ಗೋಳಿಬಜೆ ತಿಂದದ್ದು. ನಾನು ಹೋಗ್ಲೇ ಇಲ್ಲ. ಅವಳಿಗೆ ಹೇಳಿದ್ದು ನನ್ನ ಹೆಂಡತಿ. ನಾನು ಒಂದು ತೆಂಗಿನ ಮರದ ಹಿಂದೆ ನಿಂತು ನೋಡ್ತಿದ್ದೆ. ಹೆಂಡತಿ ಹೇಳಿ ವಾಪಸು ಬಂದ ಮೇಲೆ ತಂಗಿ ಡಬ್ಬಿ ತೆಗೆದು ಗೋಳಿಬಜೆ ಒಂದೊಂದೇ ನೀರಿಗೆ ಹಾಕಿದಳು. ಕಡೇದನ್ನು ಮಾತ್ರ ಮುರಿದು ನೋಡಿದಳು, ಒಳಗೆ ಬೆಂದಿದೆಯಾ ಅಂತ. ಬೆಂದಿತ್ತು ಕಾಣ್ತದೆ. ಅದನ್ನೂ ಹಾಕಿದಳು.